ಗದ್ದೆ ಕಾಲುವೆಯ ಡೈನಮೊ: ಐದನೇ ವಾರ

ನಿನ್ನೆ ಸಂಜೆ 10 ಬಿಳಿ ಎಲ್‌ಇಡಿ ಒಟ್ಟಿಗೆ ಹತ್ತಿಕೊಂಡವು. ಮಂಡ್ಯದ ಪಕ್ಕದ ನಮ್ಮ ಗದ್ದೆಗೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಾವೇರಿ ನೀರು ಬರುವ ಕಾಲುವೆಯಲ್ಲಿ ಒಂದೂವರೆ ಅಡಿ ಇಳಿಜಾರು ಇದೆ. ಡೈನಮೊ ತಿರುಗಿಸುವ ನೀರಿನ ಚಕ್ರ ಕೂರಿಸಿರುವುದು ಅಲ್ಲೇ.

ಹೋದ ವಾರ ಕಾಡಿದ ತೊಡಕು ಸುರುಳಿಗಳದ್ದು. ಮೋಟಾರ್ ವೈಂಡಿಂಗ್ ಅಂಗಡಿಯಿಂದ ತಂದ ತಂತಿಯಲ್ಲಿ 300 ಸುತ್ತಿನ 8 ಸುರುಳಿ ಸುತ್ತಿದ್ದೆ. ಒಂದೊಂದೇ ಅಳೆದರೆ 0.9 ವೋಲ್ಟ್. ಪಕ್ಕಪಕ್ಕದ ಎರಡನ್ನು ಸೇರಿಸಿದರೆ ಮೀಟರ್ ಸೊನ್ನೆಯ ಹತ್ತಿರ! ತಂತಿಯ ತುದಿಯ ವಾರ್ನಿಷ್ ಕೆರೆದದ್ದು ಸಾಲದೇನೋ ಎಂದು ಮತ್ತೆ ಮತ್ತೆ ಉಜ್ಜಿದೆ. ತಪ್ಪು ಅಲ್ಲಿರಲಿಲ್ಲ. ಸುರುಳಿಗಳ ಮುಂದೆ ತಿರುಗುವ ತಟ್ಟೆಯ ಮೇಲೆ 8 ಆಯಸ್ಕಾಂತಗಳನ್ನು ಉತ್ತರ, ದಕ್ಷಿಣ ಎಂದು ಬದಲಿಸಿ ಅಂಟಿಸಿದ್ದೇನೆ. ಒಂದು ಸುರುಳಿಯ ಮುಂದೆ ಉತ್ತರ ಬಂದ ಗಳಿಗೆಯಲ್ಲಿ ಪಕ್ಕದ್ದರ ಮುಂದೆ ದಕ್ಷಿಣ ಇರುತ್ತದೆ; ಎರಡರ ವೋಲ್ಟೇಜೂ ಒಂದನ್ನೊಂದು ಹೊಡೆದುಹಾಕುತ್ತದೆ. ಒಂದು ಬಿಟ್ಟು ಒಂದರ ತುದಿ ಅದಲುಬದಲು ಮಾಡಿದೆ. ಎಂಟೂ ಸೇರಿ 7 ವೋಲ್ಟ್ ಬಂತು.

ಬೆಳಕು ಮಾತ್ರ ಮಿಣುಕುತ್ತಿತ್ತು. ಚಕ್ರ ನಿಮಿಷಕ್ಕೆ 42 ಸುತ್ತು. ಸೈಕಲ್ಲಿನ 44 ಹಲ್ಲಿನಿಂದ 18 ಹಲ್ಲಿಗೆ ಚೈನು ಹಾಕಿದ್ದರಿಂದ ತಟ್ಟೆ 103 ಸುತ್ತು. 4 ಜೋಡಿ ಧ್ರುವ, ಅಂದರೆ ಸೆಕೆಂಡಿಗೆ 7 ಆವರ್ತ ಮಾತ್ರ. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಡುವ 4 ಡಯೋಡು, ಅದನ್ನು ಹಿಡಿದಿಟ್ಟು ಬಿಡುವ ಒಂದು ಕೆಪಾಸಿಟರ್ ಹಾಕಿದ ಮೇಲೆ ಮಿಣುಕುವುದು ನಿಂತಿತು.

ದೀಪ ಜೋಡಿಸಿದ್ದೇ ತಡ, ಚಕ್ರ 33 ಸುತ್ತಿಗೆ ಇಳಿಯಿತು. ಹತ್ತನೇ ಕ್ಲಾಸಿನ ತಮ್ಮನ ಮಗ ಕೇಳಿದ: "ದೊಡ್ಡಪ್ಪ, ಲೈಟ್ ಹಾಕುದ್ರೆ ಚಕ್ರ ಯಾಕ್ ಭಾರ ಆಯ್ತದೆ?" ಚೈನು ಕಳಚಿ, ತಟ್ಟೆಯನ್ನು ಅವನ ಕೈಗೇ ಕೊಟ್ಟೆ. ಸುರುಳಿ ಸಾಲಿನ ಎರಡು ತುದಿಗಳು ಬಿಡಿಯಾಗಿದ್ದಾಗ ಸಲೀಸಾಗಿ ತಿರುಗಿತು. ಎರಡನ್ನೂ ಮುಟ್ಟಿಸಿದಾಗ ಜೇನುತುಪ್ಪದಲ್ಲಿ ಕೈ ಆಡಿಸಿದ ಹಾಗೆ ಎಳೆಯಿತು. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ತನ್ನದೇ ಕಾಂತಕ್ಷೇತ್ರ ಕಟ್ಟಿ, ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡ ನಿಲ್ಲುತ್ತದೆ. ಲೆನ್ಸ್ ನಿಯಮ. ನಾನು ಅದನ್ನು ಬಾಯಿಪಾಠ ಮಾಡಿ ಅಂಕ ತೆಗೆದವನು; ಬೆರಳಿಗೆ ಸಿಕ್ಕಿದ್ದು ಈಗ.

ಲೆಕ್ಕವೂ ಹಾಕಿದೆವು. 15 ಲೀಟರ್ ಬಕೆಟ್ಟು 12 ಸೆಕೆಂಡಿಗೆ ತುಂಬುತ್ತದೆ. ಬೀಳುವ ನೀರಿನಲ್ಲಿ ಸುಮಾರು 5.5 ವ್ಯಾಟ್ ಇದೆ. ದೀಪಕ್ಕೆ ತಲುಪುವುದು 3 ವೋಲ್ಟ್, 60 ಮಿಲಿಆಂಪಿಯರ್, ಅಂದರೆ 0.18 ವ್ಯಾಟ್. ಹೆಚ್ಚಿನ ಪಾಲು ಚಕ್ರದ ಪಕ್ಕದಲ್ಲೇ ಚೆಲ್ಲಿಹೋಗುತ್ತಿದೆ, ಕಣ್ಣಿಗೇ ಕಾಣುತ್ತದೆ. ಇದೇ ಕಾವೇರಿ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಳು. ಅಲ್ಲಿ ನೂರಾರು ಅಡಿ ಬೀಳುವ ನೀರು, ನಮ್ಮಲ್ಲಿ ಒಂದೂವರೆ ಅಡಿ. ಒಂದು ಹನಿಯನ್ನೂ ಚೆಲ್ಲಗೊಡಬಾರದು.

ಈ ಕಟ್ಟಿನ (ನಾಲೆಗೆ ಸರದಿಯಂತೆ ಬಿಡುವ) ನೀರು ನಾಡಿದ್ದು ನಿಲ್ಲುತ್ತದೆ. ಮುಂದಿನ ಕಟ್ಟು ಬರುವಷ್ಟರಲ್ಲಿ ಪಿವಿಸಿ ಪೈಪು ಸೀಳಿ, ಚಕ್ರಕ್ಕೆ ಆಳವಾದ ಬಟ್ಟಲು ಕೂರಿಸಬೇಕು.