ಪಟ್ಟಿ ಖಾಲಿಯಾದಾಗ ಮೆಮೊರಿ ಸಾಲದೇ?

ಬಿಡುವಿನ ವೇಳೆಯಲ್ಲಿ ನಾನು ಸಿ ಭಾಷೆಯಲ್ಲಿ ಬರೆಯುತ್ತಿರುವ ಪುಟ್ಟ ಇಂಟರ್‌ಪ್ರಿಟರ್ (ಇನ್ನೊಂದು ಭಾಷೆಯ ಪ್ರೋಗ್ರಾಮುಗಳನ್ನು ಓದಿ ಓಡಿಸುವ ಪ್ರೋಗ್ರಾಮ್) ನನ್ನ ಮ್ಯಾಕ್‌ನಲ್ಲಿ ತಿಂಗಳುಗಟ್ಟಲೆ ತಕರಾರಿಲ್ಲದೆ ಓಡಿತ್ತು. ಗೆಳೆಯರೊಬ್ಬರು ಅದನ್ನು ತಮ್ಮ ಉಬುಂಟು ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿ, ಮೂರು ಅಂಶಗಳ ಪಟ್ಟಿಯೊಂದರಿಂದ ಒಂದೊಂದನ್ನೇ ತೆಗೆಯುತ್ತ ಹೋದರು. ಕೊನೆಯದನ್ನು ತೆಗೆದೊಡನೆ 'ಮೆಮೊರಿ ಸಾಲದು, ಕಸ ಗುಡಿಸುತ್ತಿದ್ದೇನೆ' ಎಂಬ ನನ್ನದೇ ಲಾಗ್ ಸಾಲು ಮೂಡಿತು (ಕಸವೆಂದರೆ ಪ್ರೋಗ್ರಾಮಿಗೆ ಇನ್ನು ಬೇಡವಾದ ಮೆಮೊರಿ); ಅದರ ಬೆನ್ನಿಗೇ ಉಬುಂಟುವಿನ ಸಿ ಲೈಬ್ರರಿಯಾದ ಜಿಲಿಬ್‌ಸಿ 'ಡಬಲ್ ಫ್ರೀ' (ಒಂದೇ ಮೆಮೊರಿ ತುಂಡನ್ನು ಎರಡು ಸಲ ಬಿಡುಗಡೆ ಮಾಡಿದ್ದು) ಎಂದು ದೂರಿ ಪ್ರೋಗ್ರಾಮನ್ನು ನಿಲ್ಲಿಸಿತು. 16 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಮೆಮೊರಿ ಸಾಲದಾದದ್ದು ಖಾಲಿ ಪಟ್ಟಿಯೊಂದಕ್ಕೆ!

ಲಿನಕ್ಸ್ ಎಂದರೆಲ್ಲ ಒಂದೇ ಎಂದುಕೊಂಡು ನಾನು ಮೊದಲು ಆಲ್ಪೈನ್ ಎಂಬ ಲಿನಕ್ಸ್‌ನ ಕಂಟೇನರ್‌ನಲ್ಲಿ (ಯಂತ್ರದೊಳಗೇ ಓಡುವ ಪ್ರತ್ಯೇಕ ಪರಿಸರ) ಪರೀಕ್ಷಿಸಿದೆ. ಅಲ್ಲಿ ಏನೂ ಆಗಲಿಲ್ಲ. ನಿಮ್ಮ ರ‍್ಯಾಮನ್ನೇ ಒಮ್ಮೆ ಪರೀಕ್ಷಿಸಿ ನೋಡಿ ಎಂದು ಗೆಳೆಯರಿಗೆ ಬರೆದೂಬಿಟ್ಟೆ. ಅದನ್ನು ನೆನೆದರೆ ಈಗಲೂ ಸಂಕೋಚವಾಗುತ್ತದೆ. ಮರುದಿನ ಉಬುಂಟುವಿನಂತೆಯೇ ಜಿಲಿಬ್‌ಸಿ ಬಳಸುವ ಡೆಬಿಯನ್ ಲಿನಕ್ಸ್ ಕಂಟೇನರ್‌ನಲ್ಲಿ, ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಸೇರಿಸಿ ಓಡಿಸಿದಾಗ, ಮೊದಲ ಸಲ ಬಿಡುಗಡೆಯಾದ ಜಾಗ ಮತ್ತು ಎರಡನೆಯ ಸಲ ಬಿಡುಗಡೆಯಾದ ಜಾಗ ಎಂದು ಅದು ತೋರಿಸಿದ ಎರಡು ಸಾಲುಗಳೂ ಒಂದೇ ಫಂಕ್ಷನ್‌ನಲ್ಲಿದ್ದವು, ಮತ್ತು ಎರಡೂ ರಿಅಲಾಕ್ (ಹಿಂದೆ ಪಡೆದ ಮೆಮೊರಿ ತುಂಡಿನ ಗಾತ್ರ ಬದಲಿಸುವ ಫಂಕ್ಷನ್) ಕರೆಗಳೇ ಆಗಿದ್ದವು.

ಪಟ್ಟಿ ಬರಿದಾದಾಗ ನನ್ನ ಕೋಡ್ ಹಳೆಯ ಪಾಯಿಂಟರ್ (ತುಂಡಿನ ವಿಳಾಸ) ಜೊತೆಗೆ ಗಾತ್ರ 0 ಎಂದು ರಿಅಲಾಕನ್ನು ಕರೆಯುತ್ತಿತ್ತು. ಮ್ಯಾಕ್‌ಓಎಸ್ ಹಳೆಯದನ್ನು ಬಿಟ್ಟು, ಕನಿಷ್ಠ ಗಾತ್ರದ ಹೊಸ ತುಂಡೊಂದನ್ನು ಕೊಡುತ್ತದೆ. ಆಲ್ಪೈನ್ ಬಳಸುವ ಮಸಲ್ ಲೈಬ್ರರಿಯೂ ನಲ್ (ಯಾವ ತುಂಡನ್ನೂ ತೋರಿಸದ ಖಾಲಿ ವಿಳಾಸ) ಅಲ್ಲದ ವಿಳಾಸವನ್ನೇ ಮರಳಿಸುತ್ತದೆ. ಜಿಲಿಬ್‌ಸಿ ಮಾತ್ರ ಹಳೆಯ ತುಂಡನ್ನು ಬಿಡುಗಡೆ ಮಾಡಿ ನಲ್ ಮರಳಿಸುತ್ತದೆ. ನಲ್ ಬಂದರೆ ಮೆಮೊರಿ ಸಿಗಲಿಲ್ಲವೆಂದೂ, ಹಳೆಯ ತುಂಡು ಇನ್ನೂ ನನ್ನ ಕೈಯಲ್ಲೇ ಇದೆಯೆಂದೂ ನಂಬಿದ್ದ ನನ್ನ ಕೋಡ್, ಕಸ ಗುಡಿಸಿ, ಆಗಲೇ ಸತ್ತಿದ್ದ ಅದೇ ಪಾಯಿಂಟರನ್ನು ಮತ್ತೆ ರಿಅಲಾಕ್‌ಗೆ ಕೊಡುತ್ತಿತ್ತು. ಇದರಲ್ಲಿ ಯಾವ ಲೈಬ್ರರಿಯದೂ ತಪ್ಪಿಲ್ಲ: ಸಿ ಭಾಷೆಯ ಮಾನಕದ ಸಿ17 ಆವೃತ್ತಿಯವರೆಗೆ ಈ ನಡವಳಿಕೆಯನ್ನು ಆಯಾ ಅಳವಡಿಕೆಯ ನಿರ್ಧಾರಕ್ಕೇ ಬಿಡಲಾಗಿತ್ತು, ಅದರ ನಂತರದ ಸಿ23 ಇಂಥ ಕರೆಯ ಪರಿಣಾಮ ಏನೆಂಬುದನ್ನೇ ಅನಿರ್ದಿಷ್ಟವೆಂದು ಸಾರಿದೆ.

ಹಳಬರು ಇದನ್ನು ಹೇಗೆ ನಿಭಾಯಿಸಿದ್ದಾರೆಂದು ನೋಡಿದೆ. ಪೈಥಾನ್ ಭಾಷೆಯ ಮುಖ್ಯ ಇಂಟರ್‌ಪ್ರಿಟರ್ ಆದ ಸಿಪೈಥಾನ್‌ನಲ್ಲಿ 0 ಬೈಟ್ ಕೇಳಿದರೆ ಒಳಗೊಳಗೇ 1 ಬೈಟ್ ಕೇಳಲಾಗುತ್ತದೆ. ಕೆಲವು ವ್ಯವಸ್ಥೆಗಳಲ್ಲಿ 0 ಬೈಟಿನ ಮ್ಯಾಲಾಕ್ (ಮೆಮೊರಿ ಕೇಳುವ ಫಂಕ್ಷನ್) ನಲ್ ಮರಳಿಸಿ, ಅದು ದೋಷವೆಂದು ಎಣಿಕೆಯಾಗುತ್ತದೆಂಬ ಕಾರಣವನ್ನು ಅಲ್ಲಿನ ಟಿಪ್ಪಣಿಯೇ ಹೇಳುತ್ತದೆ. ಲುವಾ ಭಾಷೆಯ ಇಂಟರ್‌ಪ್ರಿಟರ್‌ನಲ್ಲಿ ಮೆಮೊರಿ ಹಂಚುವ ಅಲೊಕೇಟರ್ ಹೊಸ ಗಾತ್ರ 0 ಆದರೆ ರಿಅಲಾಕ್ ಕಡೆಗೆ ಹೋಗುವುದೇ ಇಲ್ಲ, ನೇರವಾಗಿ ಫ್ರೀ ಮಾಡಿ ನಲ್ ಕೊಡುತ್ತದೆ. ನನ್ನ ಪ್ರೋಗ್ರಾಮುಗಳಲ್ಲಿ ಖಾಲಿ ಪಟ್ಟಿಗಳೇ ಹೆಚ್ಚಾದ್ದರಿಂದ ಲುವಾದ ದಾರಿ ಹಿಡಿದೆ. ನಾಲ್ಕು ಸಾಲಿನ ಬದಲಾವಣೆ. ಆ ಮೂರು ಅಂಶಗಳ ಪಟ್ಟಿ ಈಗ ಮ್ಯಾಕ್, ಡೆಬಿಯನ್, ಆಲ್ಪೈನ್ ಮೂರರಲ್ಲೂ ಕೋಡಿನ ಬದಲಾವಣೆ ದಾಖಲಿಸುವ ಪ್ರತಿ ಕಮಿಟ್‌ಗೆ ಒಮ್ಮೆ ಪರೀಕ್ಷೆಗಾಗಿ ಖಾಲಿಯಾಗುತ್ತದೆ. ಗೆಳೆಯರು ನನ್ನ ಮಾತು ನಂಬಿ ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ಓಡಿಸಿದ್ದರಂತೆ. ಅದರಲ್ಲಿ ಒಂದು ದೋಷವೂ ಸಿಗಲಿಲ್ಲ.