ಹಿಂದಿನವರ ಹೆಸರು ಹೊತ್ತ ಕಿಟಕಿ

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ಸಿ-ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ರೈತರ ಹೆಸರು ಹುಡುಕುವ ಡೈಲಾಗ್ (ಪರದೆಯ ಮೇಲೆ ತೆರೆದುಕೊಳ್ಳುವ ಪುಟ್ಟ ಕಿಟಕಿ) ಅದರಲ್ಲಿ 7 ಕಡೆ ಇತ್ತು. ಏಳೂ ಕಾಪಿ-ಪೇಸ್ಟ್. "ಹೆಸರಿನ ಪಕ್ಕ ಊರೂ ಕಾಣ್ಲಿ ಸಾರ್, ಒಂದೇ ಹೆಸರಿನೋರು ನಾಲ್ಕು ಜನ ಇದಾರೆ" ಎಂದು ಗುಮಾಸ್ತರು ಕೇಳಿದರು. ಆರು ಕಡೆ ತಿದ್ದಿದೆ, ಮುಂಗಡ ಕೊಡುವ ಫಾರ್ಮಿನಲ್ಲಿ (ಆ ಕೆಲಸದ ಪರದೆ) ಮರೆತೆ. ಬೈಸಿಕೊಂಡೆ.

ಆ ಸಿಟ್ಟಿಗೆ ಏಳನ್ನೂ ಕಿತ್ತು ಒಂದೇ ಡೈಲಾಗ್ ಮಾಡಿದೆ. ಹಳೆಯವು ತಮ್ಮನ್ನು ಕರೆದ ಫಾರ್ಮಿನ ಟೆಕ್ಸ್ಟ್‌ಬಾಕ್ಸಿಗೇ ಕೈಹಾಕಿ ಹೆಸರು ತುಂಬುತ್ತಿದ್ದವು. ಹೀಗಾಗಿ ಒಂದು ಫಾರ್ಮಿನದು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಹೊಸದಕ್ಕೆ ಕರೆದವರು ಯಾರೆಂಬುದೇ ಗೊತ್ತಿಲ್ಲ. ಆರಿಸಿದ ರೈತರನ್ನು, ಕರೆದವರು ಓದಿಕೊಳ್ಳಬಹುದಾದ ಒಂದು ಪ್ರಾಪರ್ಟಿಯಲ್ಲಿಟ್ಟು ಮುಚ್ಚಿಕೊಳ್ಳುತ್ತದೆ; ಓಕೆ ಒತ್ತಿದರೋ ಕ್ಯಾನ್ಸಲೋ ಎಂಬುದನ್ನು ಡೈಲಾಗ್‌ರಿಸಲ್ಟ್ ಹೇಳುತ್ತದೆ. ನಮ್ಮ ಗುಮಾಸ್ತರು ಮೌಸ್ ಮುಟ್ಟುವವರಲ್ಲ. ಅದಕ್ಕೇ ಎಂಟರ್ ಒತ್ತಿದರೆ ಓಕೆ, ಎಸ್ಕೇಪ್ ಒತ್ತಿದರೆ ಕ್ಯಾನ್ಸಲ್.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪ್ರತಿ ಸಲ ಪಟ್ಟಿ ತುಂಬಲು ತಡವಾಗುತ್ತದೆಂದು, ಒಮ್ಮೆ ತೆರೆದ ಡೈಲಾಗನ್ನೇ ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ (ಪ್ರೋಗ್ರಾಂ ಮುಚ್ಚುವವರೆಗೂ ಉಳಿಯುವ ಜಾಗ) ಇಟ್ಟುಕೊಂಡು ಮತ್ತೆ ಮತ್ತೆ ತೋರಿಸಿದೆ. ಮನೆಯಲ್ಲಿ ಒಂದು ಬಿಲ್ಲು ಹಾಕಿ ನೋಡಿದೆ, ಸರಿಯಿತ್ತು. ಒಂದೇ ಬಿಲ್ಲಿಗೆ ಎಲ್ಲವೂ ಸರಿಯೇ ಇರುತ್ತದೆ!

ಮರುದಿನ ಮಧ್ಯಾಹ್ನ ಫೋನ್: "ಸಾರ್, ಒಬ್ಬರ ರಾಶಿ ಇನ್ನೊಬ್ಬರ ಖಾತೆಗೆ ಹೋಗಿದೆ."

ನಾನು ಕಿಟಕಿಗಳನ್ನು ಕಟ್ಟಲು ಬಳಸಿದ ವಿನ್‌ಫಾರ್ಮ್ಸ್‌ನಲ್ಲಿ, ಶೋಡೈಲಾಗ್ ಎಂಬ ಆದೇಶದ ಮೂಲಕ ತೆರೆದ ಫಾರ್ಮ್ ಮುಚ್ಚಿದಾಗ ನಾಶವಾಗುವುದಿಲ್ಲ, ಮರೆಯಾಗುತ್ತದಷ್ಟೆ. ಮತ್ತೆ ತೆರೆದಾಗ ಹಿಂದಿನ ರೈತರ ಹೆಸರು ಹಾಗೇ ಆಯ್ಕೆಯಾಗಿ ಕೂತಿತ್ತು. ಹಿಂದೆಲ್ಲ ಯಾರನ್ನೂ ಆರಿಸದೆ ಎಂಟರ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಈಗ ಅವಸರದ ಒಂದು ಎಂಟರ್ ಸಾಕಾಯಿತು. ಇಡ್ಲಿ ತಟ್ಟೆ ದಿನಾ ಬಳಸುವುದೇ ಸರಿ, ನಿನ್ನೆಯ ಇಡ್ಲಿ ಇನ್ನೂ ಅದರಲ್ಲೇ ಇದ್ದರೆ? ನಾನು ಮಾಡಿದ್ದು ಅದೇ.

ರಾತ್ರಿಯೇ ಬದಲಿಸಿದೆ. ರೈತರ ಪಟ್ಟಿಯನ್ನು ಡೈಲಾಗಿನ ಹೊರಗೆ ಒಮ್ಮೆ ತುಂಬಿಟ್ಟೆ. ಡೈಲಾಗ್ ಮಾತ್ರ ಪ್ರತಿ ಸಲ ಹೊಸದು, ಯೂಸಿಂಗ್ ಬ್ಲಾಕಿನೊಳಗೆ. ಕೆಲಸ ಮುಗಿದೊಡನೆ ಡಿಸ್ಪೋಸ್, ಅಂದರೆ ಆ ಬ್ಲಾಕ್ ಮುಗಿದರೆ ಡೈಲಾಗೂ ಮುಗಿಯಿತು. ತಡವೂ ಇಲ್ಲ, ಹಳೆ ಹೆಸರೂ ಇಲ್ಲ.

ಮಂಡಿಗೆ ಹೋಗಿ ತೂಕದ ಚೀಟಿಗಳನ್ನು ಬಿಲ್ಲುಗಳ ಜೊತೆ ತಾಳೆ ನೋಡುವಷ್ಟರಲ್ಲಿ ಸಂಜೆಯಾಗಿತ್ತು. ತಪ್ಪಿದ್ದು 3 ಬಿಲ್ಲು. ಗುಮಾಸ್ತರು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಅವರು ಹೆಸರು, ಊರು ಎರಡನ್ನೂ ಗಟ್ಟಿಯಾಗಿ ಓದಿ, ಎದುರು ನಿಂತ ರೈತರು "ಹೌದು" ಎಂದ ಮೇಲೇ ಎಂಟರ್ ಒತ್ತುತ್ತಾರೆ.