ಮೇಷ್ಟ್ರ ಪಿಕಪ್ಪು ಮತ್ತು ಜಪಾನಿ ಸ್ಕ್ರೂ ಡಬ್ಬಿ

ಮಳೆಗಾಲದಲ್ಲಿ ನನ್ನ ಅಂಗಡಿಗೆ ಕೆಲಸ ಕಮ್ಮಿ. ತೋಟಕ್ಕೆ ನೀರು ಬಿಡುವವರಿಲ್ಲ, ಹಾಗಾಗಿ ಮೋಟರು ಸುಡುವುದಿಲ್ಲ. ಮಿಕ್ಸಿ, ಟೇಬಲ್ ಫ್ಯಾನು, ಸಿಡಿಲಿಗೆ ಹೋದ ಒಂದೋ ಎರಡೋ ಸ್ಟೆಬಿಲೈಸರ್, ಅಷ್ಟೇ. ಶಿವಮೊಗ್ಗದಲ್ಲಿ ಇಪ್ಪತ್ತೆಂಟು ವರ್ಷದಿಂದ ಮೋಟರ್ ವೈಂಡಿಂಗ್ ಮಾಡಿಕೊಂಡಿರುವ ನನಗೆ ಜುಲೈ ಅಂದರೆ ಚಾ ಕುಡಿಯುವ ತಿಂಗಳು.

ಅಂಥದೊಂದು ಬೆಳಿಗ್ಗೆ ಮೇಷ್ಟ್ರು ಬಂದರು. ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ಕೊಡೆಯನ್ನು ಬಾಗಿಲ ಹೊರಗೇ ಮಡಚಿಟ್ಟು, ಪ್ಲಾಸ್ಟಿಕ್ ಕವರಿನೊಳಗಿಂದ ಒಂದು ಹಳೇ ಬಿಸ್ಕತ್ತು ಡಬ್ಬಿ ತೆಗೆದು ಕೌಂಟರ್ ಮೇಲಿಟ್ಟರು.

"ಇದು ಅಮೇರಿಕದ್ದು ಹೌದೋ ಅಲ್ವೋ ಹೇಳು ಮಾರಾಯ."

ಒಳಗಿದ್ದದ್ದು ಎಲೆಕ್ಟ್ರಿಕ್ ಗಿಟಾರಿನ ಪಿಕಪ್. ಅಂದರೆ ಆಯಸ್ಕಾಂತ ಮತ್ತು ಸಣ್ಣ ತಂತಿ ಸುತ್ತಿದ ಕಾಯಿಲು, ಗಿಟಾರ್ ತಂತಿಯ ನಡುಕವನ್ನು ಕರೆಂಟು ಮಾಡಿ ಆಂಪ್ಲಿಫೈಯರಿಗೆ ಕಳಿಸುವಂಥದ್ದು. ಬೆಂಕಿಪೊಟ್ಟಣಕ್ಕಿಂತ ಒಂಚೂರು ಉದ್ದ. ಮೇಲೆ ಕ್ರೋಮಿನ ತಗಡು, ಅದರಲ್ಲಿ ವಜ್ರಾಕಾರದ ಕಿಂಡಿಗಳು, ಕಿಂಡಿಯೊಳಗಿಂದ ಚಿನ್ನದ ಬಣ್ಣದ ಹಾಳೆ ಇಣುಕುತ್ತಿತ್ತು. ಸ್ವೀಟ್ ಬಾಕ್ಸಿನೊಳಗೆ ಹಾಸಿರುತ್ತಾರಲ್ಲ, ಥೇಟ್ ಆ ಕಾಗದದ ಹಾಗೆ. ಹೆಸರಿಲ್ಲ, ನಂಬರಿಲ್ಲ, ಮುದ್ರೆಯಿಲ್ಲ. ಹಿಂದುಗಡೆ ಒಂದು ಗಟ್ಟಿ ತಗಡು, ಎರಡು ವೈರು.

ಮೇಷ್ಟ್ರು ಗಿಟಾರ್ ನುಡಿಸುತ್ತಿದ್ದರು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನೌಕರಿ ಸಿಗುವ ಮುಂಚೆ ಆರ್ಕೆಸ್ಟ್ರಾ ಒಂದರಲ್ಲಿ ನಾಲ್ಕು ವರ್ಷ ಇದ್ದರಂತೆ. ಗಣಪತಿ ಪೆಂಡಾಲು, ಮಾರಿಜಾತ್ರೆ, ಮದುವೆ ಮನೆ. 1978ರಲ್ಲಿ ಅವರ ಭಾವ ಬೊಂಬಾಯಿಯಿಂದ ಸೆಕೆಂಡ್ ಹ್ಯಾಂಡ್ ಗಿಟಾರ್ ತಂದುಕೊಟ್ಟಿದ್ದು. ಮಾರಿದವನು "ಅಮೇರಿಕನ್ ಮಾಲು" ಅಂದಿದ್ದನಂತೆ. ಕೊಟ್ಟಿಗೆಯಲ್ಲಿಟ್ಟಿದ್ದ ಗಿಟಾರನ್ನು ಗೆದ್ದಲು ತಿಂದು ಮುಗಿಸಿತು. ಪಿಕಪ್ ಮಾತ್ರ ಹೇಗೋ ಬಿಚ್ಚಿ ಅಡುಗೆಮನೆಯ ಅಟ್ಟಕ್ಕೆ ಹಾಕಿದ್ದರು. ನಲವತ್ತು ಮಳೆಗಾಲ ಒಲೆಯ ಹೊಗೆ ಕುಡಿದು ಕೂತಿದ್ದಕ್ಕೋ ಏನೋ, ತುಕ್ಕು ಹಿಡಿದಿರಲಿಲ್ಲ, ಮಸಿ ಹಿಡಿದಿತ್ತು.

ಈಗ ಯಾಕೆ ಈ ವಿಚಾರಣೆ ಅಂದರೆ, ಬೆಂಗಳೂರಲ್ಲಿರುವ ಮೊಮ್ಮಗ ಫೋಟೋ ನೋಡಿ ಹಾರಾಡಿದ್ದಾನೆ. ಇದು ಡಿಆರ್ಮಂಡ್ ಪಿಕಪ್ಪು, ಅಮೇರಿಕದ ಓಹಾಯೋದ ಟೊಲೀಡೋ ಊರಲ್ಲಿ ರೋ ಇಂಡಸ್ಟ್ರೀಸಿನವರು ಮಾಡಿ ಶಿಕಾಗೋದ ಹಾರ್ಮನಿ ಗಿಟಾರುಗಳಿಗೆ ಕೊಡುತ್ತಿದ್ದದ್ದು, ಅಂತ ಅವನ ವಾದ. ಹುಡುಗನನ್ನು ತೆಗೆದುಹಾಕುವ ಹಾಗಿಲ್ಲ. ಅವರ ಪಿಕಪ್ಪಿಗೂ ಚಿನ್ನದ ಹಾಳೆ ಇರುತ್ತಿತ್ತು. ಆದರೆ ಅದೇ ಕಾಲಕ್ಕೆ ಜಪಾನಿನಲ್ಲಿ ಟೈಸ್ಕೋ, ಗಯಾಟೋನ್‌ನಂಥವರೂ ಚಿನ್ನದ ಹಾಳೆ ಹಾಕಿ ಪಿಕಪ್ ಮಾಡುತ್ತಿದ್ದರು. ಎರಡಕ್ಕೂ ಇವತ್ತು 'ಗೋಲ್ಡ್ ಫಾಯಿಲ್' ಅಂತ ಒಂದೇ ಹೆಸರು. ಹಾಳೆ ನೋಡಿ ಊರು ಹೇಳುವುದು, ಪಂಚೆಯ ಅಂಚು ನೋಡಿ ಗೋತ್ರ ಹೇಳಿದ ಹಾಗೆ.

ಪಿಕಪ್ಪಿನ ಮೇಲೆ ಕಂಪನಿಯ ಚೀಟಿ ಇದ್ದಿದ್ದರೂ ನಾನು ಪೂರ್ತಿ ನಂಬುತ್ತಿರಲಿಲ್ಲ ಅನ್ನಿ. ಅಮೇರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಕಥೆ ಗೊತ್ತಿರಬೇಕಲ್ಲ? ಅವರ ಇಂಜಿನಿಯರ್ ಸೆತ್ ಲವರ್ ಮಾಡಿದ ಎರಡು ಕಾಯಿಲಿನ ಪಿಕಪ್ಪಿಗೆ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1959ರಲ್ಲಿ ಸಿಕ್ಕಿತು. ಸಿಕ್ಕ ಮೇಲೂ ಕೆಲವು ವರ್ಷ 'ಅರ್ಜಿ ಹಾಕಿದೆ' ಅನ್ನುವ ಚೀಟಿಯೇ. ಆಮೇಲೆ ನಂಬರಿನ ಚೀಟಿ ಅಂಟಿಸಿದರು, ಆದರೆ ಆ ನಂಬರು 2,737,842 ಪಿಕಪ್ಪಿನದ್ದೇ ಅಲ್ಲ, ಗಿಟಾರ್ ವಾದಕ ಲೆಸ್ ಪಾಲ್ ಹೆಸರಲ್ಲಿದ್ದ ತಂತಿ ಕಟ್ಟುವ ಬ್ರಿಜ್ಜಿನದ್ದು! ಬೇಕಂತಲೇ ಮಾಡಿದ್ದೋ, ಗುಮಾಸ್ತರ ಕೈತಪ್ಪೋ.

ಸರಿ, ಮೀಟರ್ ಹಚ್ಚಿದೆ. ಕಾಯಿಲಿನ ರೆಸಿಸ್ಟೆನ್ಸು 5.92 ಕಿಲೋ ಓಮ್. ಮೇಷ್ಟ್ರು ಕೂಡಲೇ ಚೀಟಿಯಲ್ಲಿ ಬರೆದುಕೊಂಡರು. ಆ ಸಂಖ್ಯೆಗೆ ಅಷ್ಟು ಮರ್ಯಾದೆ ಕೊಡಬೇಡಿ ಅಂದೆ. ವಾರ್ನಿಷ್ ಒಣಗಿಸುವ ಬಲ್ಬಿನ ಕೆಳಗೆ ಅರ್ಧ ಗಂಟೆ ಇಟ್ಟು ಮತ್ತೆ ಅಳೆದರೆ 6.3. ತಾಮ್ರ ಒಂದು ಡಿಗ್ರಿ ಬಿಸಿಯಾದರೆ ರೆಸಿಸ್ಟೆನ್ಸು ಶೇಕಡಾ 0.39 ಏರುತ್ತೆ. ಮಳೆಗಾಲದ ಬೆಳಗಿನ ಪಿಕಪ್ಪೇ ಬೇರೆ, ಬೇಸಿಗೆ ಮಧ್ಯಾಹ್ನದ್ದೇ ಬೇರೆ. ಅದೂ ಅಲ್ಲದೆ, ಸಣ್ಣ ತಂತಿ ಕಮ್ಮಿ ಸುತ್ತಿದರೂ, ಒಂಚೂರು ದಪ್ಪ ತಂತಿ ಜಾಸ್ತಿ ಸುತ್ತಿದರೂ ಅದೇ ಓಮ್ ಬರಬಹುದು. ಕಾಯಿಲ್ ತುಂಡಾಗಿಲ್ಲ ಅಂತ ಗೊತ್ತಾಯಿತು, ಅಷ್ಟರಮಟ್ಟಿಗೆ ಲಾಭ.

"ಬಿಚ್ಚಿ ನೋಡಿದ್ರಾಯ್ತಲ್ಲ?" ಅಂದರು ಮೇಷ್ಟ್ರು.

ಬಿಚ್ಚುವುದಿಲ್ಲ ಅಂದೆ. ಕಾರಣ ನಾಚಿಕೆಗೇಡಿನದು. ಮೂರು ವರ್ಷದ ಹಿಂದೆ ಒಬ್ಬ ಹುಡುಗನ ಪಿಕಪ್ಪನ್ನು ಕುತೂಹಲಕ್ಕೆ ಬಿಚ್ಚಿದ್ದೆ. ಪಂಪ್‌ಸೆಟ್ಟಿಗೆ ನಾವು 20, 22ನೇ ಗೇಜಿನ ತಂತಿ ಸುತ್ತುತ್ತೇವೆ, ಸೀಲಿಂಗ್ ಫ್ಯಾನಿಗೆ 36. ನನ್ನ ಬೆರಳಿಗೆ ಗೊತ್ತಿದ್ದ ಸಣ್ಣತನ ಅಲ್ಲಿಗೆ ಮುಗಿಯುತ್ತಿತ್ತು. ಗಿಟಾರಿನದು ಸುಮಾರು 46ನೇ ಗೇಜು, 0.06 ಮಿಲಿಮೀಟರ್, ತಲೆಗೂದಲಿನಷ್ಟು. ಸುತ್ತಿದ್ದ ಟೇಪು ಎಳೆದೆ, ಟೇಪಿನ ಜೊತೆ ತಂತಿಯೂ ಬಂತು. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂತಿ ತರಿಸಿ ಮೂರು ಸಲ ಸುತ್ತಿ, ಎರಡು ಸಲ ತುಂಡು ಮಾಡಿ, ಒಂದು ಪೈಸೆ ತಗೊಳ್ಳದೆ ವಾಪಸ್ ಕೊಟ್ಟೆ. ಆ ಹುಡುಗ ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಉಳಿದದ್ದು ಸ್ಕ್ರೂ. ಹಿಂದಿನ ತಗಡಿಗೆ ಎರಡು ಸ್ಕ್ರೂ ಇದ್ದವು, ಪಿಕಪ್ಪನ್ನು ಗಿಟಾರ್ ತಂತಿಗೆ ಹತ್ತಿರ, ದೂರ ಮಾಡುವುದಕ್ಕೆ. ಒಂದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ನೋಡಿದರೆ 3 ಎಂಎಂ. ನನ್ನ ಹತ್ತಿರ 3 ಎಂಎಂ ನಟ್ಟಿಗೆ ಬರವಿಲ್ಲ. ಒಂದು ತೆಗೆದು ತಿರುಗಿಸಿದೆ. ಒಂದು ಸುತ್ತು ಹೋಯಿತು, ಎರಡನೆಯದಕ್ಕೆ ಬಿಗಿಯಾಯಿತು, ಆಮೇಲೆ ಕಚ್ಚಿಕೊಂಡು ನಿಂತಿತು. ಬೇರೆ ನಟ್ಟು, ಅದೂ ಹಾಗೇ.

ಆ ಬಿಗಿ ನನ್ನ ಬೆರಳಿಗೆ ಹೊಸತಲ್ಲ. ನಾನು ಕೆಲಸ ಕಲಿತದ್ದು ಒಬ್ಬ ರೇಡಿಯೋ ರಿಪೇರಿಯವರ ಹತ್ತಿರ. ಅವರು ಹಳೇ ಜಪಾನಿ ಟ್ರಾನ್ಸಿಸ್ಟರುಗಳ ಸ್ಕ್ರೂಗಳನ್ನು ಬೇರೆಯೇ ಒಂದು ಡಬ್ಬಿಯಲ್ಲಿ ಹಾಕುತ್ತಿದ್ದರು. ಮಿಕ್ಕವುಗಳ ಜೊತೆ ಸೇರಿಸಿದರೆ ಕಿವಿ ಹಿಂಡುತ್ತಿದ್ದರು. "ಅವು ನಮ್ಮವರ ಜೊತೆ ಸಂಸಾರ ಮಾಡೋದಿಲ್ಲ ಕಣೋ" ಅನ್ನೋರು. ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಓದಿ ತಿಳಿದದ್ದು: ಜಪಾನಿನ ಹಳೇ 3 ಎಂಎಂ ಸ್ಕ್ರೂವಿನ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ 0.6 ಎಂಎಂ. ಈಗ ಎಲ್ಲ ಕಡೆ ನಡೆಯುವ ಅಂತರರಾಷ್ಟ್ರೀಯ ಅಳತೆಯಲ್ಲಿ 0.5. 1960ರ ದಶಕದ ಕೊನೆಯ ಹೊತ್ತಿಗೆ ಅವರೂ 0.5ಕ್ಕೆ ಬದಲಾದರು.

ಸ್ಕ್ರೂ ಸುತ್ತಿನ ಅಂತರ ಅಳೆಯುವ ಥ್ರೆಡ್ ಗೇಜ್ ತೆಗೆದೆ. 0.6ರ ಹಲ್ಲು ಸ್ಕ್ರೂ ಮೇಲೆ ಕೂತಿತು, ಬೆಳಕಿಗೆ ಹಿಡಿದರೆ ಸಂದಿನಲ್ಲಿ ಒಂದು ಗೆರೆಯೂ ಕಾಣಲಿಲ್ಲ.

ಮೇಷ್ಟ್ರು ಗಣಿತದವರು, ಅಷ್ಟಕ್ಕೇ ಬಿಡುವುದಿಲ್ಲ. "ಅಮೇರಿಕದವರ ಇಂಚಿನ ಸ್ಕ್ರೂ ಯಾಕಾಗಿರಬಾರದು?" ಸರಿಯಾದ ಪ್ರಶ್ನೆಯೇ. ಅಮೇರಿಕದ 4-40 ಅನ್ನುವ ಸ್ಕ್ರೂವಿಗೆ ಇಂಚಿಗೆ 40 ಸುತ್ತು, ಅಂದರೆ 0.635 ಎಂಎಂ. 0.6ಕ್ಕೂ ಅದಕ್ಕೂ ಕೂದಲೆಳೆ ಅಂತರ. ಆದರೆ ದಪ್ಪ 2.84 ಎಂಎಂ ಮೀರುವುದಿಲ್ಲ. ನಮ್ಮದು ವರ್ನಿಯರ್‌ನಲ್ಲಿ 2.95 ತೋರಿಸುತ್ತಿತ್ತು. ಮಾತಿಗಿಂತ ತೋರಿಸುವುದೇ ವಾಸಿ ಅಂತ ಗುಜರಿ ಪೆಟ್ಟಿಗೆಯಿಂದ ಕಂಪ್ಯೂಟರ್ ಮಾನಿಟರಿನ ಹಳೇ ವಿಜಿಎ ಕೇಬಲ್ ತೆಗೆದೆ. ಅದರ ಎರಡು ಪಕ್ಕದಲ್ಲಿ ಕೈಯಲ್ಲಿ ತಿರುಗಿಸುವ ಸ್ಕ್ರೂ ಇರುತ್ತವಲ್ಲ, ಅವು 4-40. ಪಿಕಪ್ಪಿನ ತಗಡಿನ ತೂತಿಗೆ ಹಾಕಿದೆ. ಹೋಯಿತು, ಆದರೆ ಅಲ್ಲಾಡುವ ಹಲ್ಲಿನ ಹಾಗೆ ಲೊಡಲೊಡ. ಅದರದ್ದೇ ಸ್ಕ್ರೂ ವಾಪಸ್ ಹಾಕಿದರೆ ಬೆಣ್ಣೆಯ ಹಾಗೆ ಇಳಿಯಿತು. ಸ್ಕ್ರೂ ಯಾರು ಬೇಕಾದರೂ ಬದಲಾಯಿಸಿರಬಹುದು. ತಗಡಿನಲ್ಲಿ ಕೊರೆದ ಹಲ್ಲು ಕಾರ್ಖಾನೆಯದ್ದು.

"ಜಪಾನು ಮೇಷ್ಟ್ರೇ. 1960ರ ದಶಕದ್ದು."

ಕಾರ್ಖಾನೆಯ ಹೆಸರು ಹೇಳಲು ನಾನು ಹೋಗಲಿಲ್ಲ. ಟೈಸ್ಕೋ 1946ರಲ್ಲಿ ಟೋಕಿಯೋದಲ್ಲಿ ಶುರುವಾಗಿ 1967ರಲ್ಲಿ ಕವಾಯಿ ಕಂಪನಿಯ ಪಾಲಾಯಿತು. ಅಷ್ಟರೊಳಗೆ ಅಲ್ಲಿಂದ ಎಷ್ಟೋ ಬೇರೆ ಬೇರೆ ಹೆಸರಿನ ಗಿಟಾರುಗಳು ಹೊರಬಿದ್ದಿದ್ದವು. ಹೆಸರಿಲ್ಲದ ಪಿಕಪ್ಪಿಗೆ ನಾನು ನಾಮಕರಣ ಮಾಡಿದರೆ ಆ ಬೊಂಬಾಯಿ ಅಂಗಡಿಯವನಿಗೂ ನನಗೂ ಏನು ವ್ಯತ್ಯಾಸ?

ಮೇಷ್ಟ್ರ ಮುಖ ಸಣ್ಣದಾಯಿತು. ಸಮಾಧಾನಕ್ಕೆ ಅಂತಲ್ಲ, ನಿಜವನ್ನೇ ಹೇಳಿದೆ: ರೈ ಕೂಡರ್ ಅಂಥ ದೊಡ್ಡ ಗಿಟಾರ್ ವಾದಕ ತನ್ನ ಫೆಂಡರ್ ಸ್ಟ್ರಾಟ್ ಗಿಟಾರಿನ ಪಿಕಪ್ ತೆಗೆದು ಇಂಥದೇ ಟೈಸ್ಕೋ ಹಾಕಿಸಿಕೊಂಡ. ಮೇಷ್ಟ್ರಿಗೆ ಅದೇನೂ ತಲುಪಿದ ಹಾಗೆ ಕಾಣಲಿಲ್ಲ.

ಕೊನೆಗೆ ಸ್ವರ ಬರುತ್ತದೋ ನೋಡಿಯೇಬಿಡೋಣ ಅಂತ ಹಲಗೆಯೊಂದಕ್ಕೆ ಎರಡು ಮೊಳೆ ಹೊಡೆದು, ಸೈಕಲ್ ಬ್ರೇಕ್ ಕೇಬಲ್ಲಿನ ಒಂದು ಎಳೆ ಬಿಗಿದೆ. ಉಕ್ಕಿನ ತಂತಿಯೇ ಆಗಬೇಕು. ಆಯಸ್ಕಾಂತಕ್ಕೆ ತಾಮ್ರ, ಹಿತ್ತಾಳೆ ಲೆಕ್ಕಕ್ಕಿಲ್ಲ. ಕೆಳಗೆ ಪಿಕಪ್ ತೂರಿಸಿ, ವೈರನ್ನು ಆಂಪ್ಲಿಫೈಯರಿಗೆ ಕೊಟ್ಟೆ. ಮೊದಲು ಬಂದದ್ದು ಗುಂಯ್ ಅನ್ನುವ ಕರೆಂಟಿನ ಸದ್ದು. ಒಂದೇ ಕಾಯಿಲಿನದ್ದು, ಅದೂ ಮೋಟರ್ ಅಂಗಡಿ, ಬಾರದೆ ಇರುತ್ತದೆಯೇ? ಮೇಷ್ಟ್ರು ತಂತಿ ಮೀಟಿದರು. ದಪ್ಪನೆಯ, ಒಂಚೂರು ಕೊಳಕು ದನಿ. ಇನ್ನೊಮ್ಮೆ ಮೀಟಿದರು. ನಾನು ವಾಲ್ಯೂಮ್ ಏರಿಸಿದೆ. ಕೀ ಅಂತ ಕಿರುಚಿಕೊಂಡಿತು ನೋಡಿ, ಎದುರು ಅಂಗಡಿಯವನು ಎದ್ದು ಬಂದ.

"ಇದೇ! ಇದೇ ಸದ್ದು!" ಅಂದರು ಮೇಷ್ಟ್ರು.

ಸ್ಕ್ರೂಡ್ರೈವರಿನ ಹಿಡಿಯಿಂದ ಪಿಕಪ್ಪಿನ ತಗಡನ್ನು ತಟ್ಟಿದೆ, ಸ್ಪೀಕರಿನಲ್ಲಿ ಟಕ್ ಟಕ್ ಅಂತ ಕೇಳಿಸಿತು. ಒಳಗೆ ಮೇಣ ತುಂಬಿಲ್ಲ. ಮೇಣದಲ್ಲಿ ಅದ್ದಿದ ಕಾಯಿಲಿನ ಸುತ್ತುಗಳು ಮಿಸುಕುವುದಿಲ್ಲ. ಅದ್ದದಿದ್ದರೆ ಸ್ಪೀಕರಿನ ಸದ್ದಿಗೆ ಸುತ್ತುಗಳೂ ಮೇಲಿನ ತಗಡೂ ನಡುಗಿ, ಆ ನಡುಕ ಮತ್ತೆ ಸ್ಪೀಕರಿಗೇ ಹೋಗಿ ಹೀಗೆ ಕೂಗುತ್ತದೆ. ನಾವು ಮೋಟರಿಗೆ ವಾರ್ನಿಷ್ ಕುಡಿಸುವುದೂ ಅರ್ಧ ಇದೇ ಕಾರಣಕ್ಕೆ.

ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ನಾಲ್ಕು ವರ್ಷ ಪ್ರತಿ ಪ್ರೋಗ್ರಾಮಿನಲ್ಲೂ ಇದು ಹೀಗೇ ಕಿರುಚಿತ್ತಂತೆ, ಪ್ರತಿ ಸಲವೂ ಮೈಕ್‌ಸೆಟ್ಟಿನ ಹುಡುಗನಿಗೆ ಬೈಗುಳ. ಒಂದು ಸಲ ಜಾತ್ರೆಯಲ್ಲಿ ಅವನ ಅರ್ಧ ದುಡ್ಡನ್ನೂ ಹಿಡಿದುಕೊಂಡಿದ್ದರಂತೆ.

"ಎಷ್ಟು ದುಡ್ಡು ಮೇಷ್ಟ್ರೇ?"

"ನಲವತ್ತು ರೂಪಾಯಿ. ಈಗ ಭದ್ರಾವತಿಯಲ್ಲಿ ಶಾಮಿಯಾನ ಇಟ್ಟಿದಾನೆ ಅವನು. ಮಳೆ ಬಿಟ್ಟ ಮೇಲೆ ಒಂದ್ಸಲ ಹೋಗಿ ಬರ್ಬೇಕು. ನೀನೂ ಬಾ, ಆ ಮೇಣದ ವಿಷ್ಯ ನನಗೆ ಸರಿಯಾಗಿ ಹೇಳೋಕೆ ಬರಲ್ಲ."